ಶಿಷ್ಯನೆಂದರೆ ಕಲಿಯುವವನು



ಹೊಸ ಒಡಂಬಡಿಕೆಯ ಮೂಲಭಾಷೆ ಗ್ರೀಕ್. ಯೇಸುವಿನ ಶಿಷ್ಯನಿಗೆ ಅಲ್ಲಿರುವ ಪದ ‘ಮ್ಯಾಥೆಟೆಸ್’, ಅಂದರೆ ಕಲಿಯುವವನು. ನಿಮ್ಮ ‘ಮ್ಯಾಥಮ್ಯಾಟಿಕ್ಸ್’ ಕೂಡ ಅದೇ ಧಾತುವಿನಿಂದ ಬಂದದ್ದು.

ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಜರ್ಮನಿಯಿಂದ ಬಂದದ್ದು ಬೋಧಿಸುವುದಕ್ಕೆ. ಆದರೆ ಇಲ್ಲಿ ಕಲಿಯಲು ಕುಳಿತರು. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಕಾವ್ಯದ ಪದಗಳ ಜೊತೆಗೆ ಜನರ ಬಾಯಿನ ಗಾದೆಗಳೂ ಇವೆ. ಕಲಿಸಬಂದವರೂ ಮೊದಲು ಕಿವಿಗೊಡಬೇಕು.

ಈ ಪಾಠ ನನಗೆ ತಡವಾಗಿ ತಿಳಿಯಿತು. ವಿಜ್ಞಾನ ಪದವಿ ಮುಗಿಸಿ ಶಿರಾಕ್ಕೆ ಮರಳಿದ್ದೆ. ಒಂದು ಭಾನುವಾರ ಆರಾಧನೆಯಲ್ಲಿ ಓದಿದ ಭಾಗ: ಸಹೋದರನನ್ನು ಏಳು ಸಲ ಕ್ಷಮಿಸಿದರೆ ಸಾಕೇ ಎಂದು ಪೇತ್ರ ಕೇಳುತ್ತಾನೆ, ಏಳೆಪ್ಪತ್ತು ಸಲ ಎನ್ನುತ್ತಾನೆ ಯೇಸು. ಅಕ್ಷರ ಬಾರದ ಅಜ್ಜಿಯೊಬ್ಬರು ಹೊರಗೆ ಬಂದು ಅರ್ಥ ಕೇಳಿದರು. “490 ಸಲ” ಎಂದೆ. “ಲೆಕ್ಕ ಇರ್ಲಪ್ಪ, ನೀನು ಯಾರ್ನ ಕ್ಷಮಿಸಿದ್ದೀಯ?” ಎಂದರು.

ಉತ್ತರವಿರಲಿಲ್ಲ. ಅಣ್ಣನೊಡನೆ ಮಾತು ಬಿಟ್ಟು ತಿಂಗಳಾಗಿತ್ತು.

ಆ ಸಂಜೆ ಅವನೆದುರು ಕುಳಿತು, ಮೊದಲು ಅವನ ಮಾತು ಕೇಳಿದೆ. ತಪ್ಪು ಇಬ್ಬರದೂ ಇತ್ತು.

ಮಿತ್ರರೇ, ದೇವಶಾಸ್ತ್ರವನ್ನು ಓದಿ ತಿಳಿಯಬಹುದು. ಶಿಷ್ಯತ್ವವನ್ನು ಮಾತ್ರ ಮನೆಯವರ ನಡುವೆ, ದಿನವೂ ಅಭ್ಯಾಸ ಮಾಡಬೇಕು.