ಗೋಡೆಯ ಬರಹ: ಕಲೆಯೋ, ಹಾಳೋ?

(ಕೋಠಿಯಲ್ಲಿ ಸೇರಿದ್ದ ಸಂಘದ ಸಭೆಯಲ್ಲಿ ಆಡಿದ ಮಾತು)



ಸಂಘದ ವಾರ್ಷಿಕೋತ್ಸವದ ಸುದ್ದಿಯನ್ನು ಕೋಠಿಯ ಗೋಡೆಗಳ ಮೇಲೆ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಯಬೇಕೆಂದು ನಮ್ಮ ತರುಣ ಸದಸ್ಯರು ಕೇಳಿದ್ದಾರೆ. ಗೋಡೆ ಕೆಡಿಸುವುದು ಪುಂಡರ ಕೆಲಸ ಎಂದು ಹಿರಿಯರು ಕೆಲವರು ಮುಖ ತಿರುಗಿಸಿದ್ದಾರೆ. ಅದೂ ಒಂದು ಕಲೆಯೇ ಎಂದು ತರುಣರ ಉತ್ತರ. ನಾವು ಮಿಡ್ಲ್ ಸ್ಕೂಲು ದಾಟಿದವರಲ್ಲ. ಕಲೆ ಯಾವುದೆಂದು ತೀರ್ಪು ಹೇಳುವ ವಿದ್ಯೆ ನಮ್ಮಲ್ಲಿಲ್ಲ. ಆದರೆ ಹೋಟೆಲಿನಲ್ಲಿ ಗೋಡೆ ತೊಳೆದವರು. ಆ ಕಡೆಯಿಂದ ನಾಲ್ಕು ಮಾತು ಹೇಳುತ್ತೇವೆ.

ಕೈತೊಳೆಯುವ ತೊಟ್ಟಿಯ ಮೇಲಿನ ಗೋಡೆಯನ್ನು ನೀವೆಲ್ಲ ಬಲ್ಲಿರಿ. ಗಿರಾಕಿಯೊಬ್ಬ ತನ್ನ ಹೆಸರು ಗೀಚುತ್ತಾನೆ, ಇನ್ನೊಬ್ಬ ಹೆಣ್ಣಿನ ಹೆಸರು ಸೇರಿಸುತ್ತಾನೆ, ಮೂರನೆಯವನು ಅದರ ಮೇಲೆಯೇ ಎಲೆಅಡಿಕೆ ಉಗಿಯುತ್ತಾನೆ. ರಾತ್ರಿ ಬಾಗಿಲು ಹಾಕಿದ ಮೇಲೆ ಸೋಡಾ ಪುಡಿ, ತೆಂಗಿನ ನಾರು ಹಿಡಿದು ಉಜ್ಜುವವನು ಕ್ಲೀನರ್ ಹುಡುಗ. ಬರೆದವನಿಗೆ ಒಂದು ನಿಮಿಷ, ಉಜ್ಜುವವನಿಗೆ ಒಂದು ಗಂಟೆ. ಆ ಗಂಟೆಗೆ ಯಾವ ಮಾಲೀಕನೂ ಬೇರೆ ಕೂಲಿ ಕೊಟ್ಟದ್ದನ್ನು ನಾವು ಕಾಣೆವು. ಆದಕಾರಣ ಗೋಡೆಯ ಮೇಲೆ ಏನಾದರೂ ಕಂಡರೆ, ಚಂದವೋ ಅಲ್ಲವೋ ಎಂದು ಕೇಳುವ ಮೊದಲು ನಾವು ಕೇಳುವುದು, ಇದನ್ನು ಅಳಿಸುವವರು ಯಾರು ಎಂದು. ಮೆಟ್ರೋ ಕಂಬಗಳಿಗೆ ಅಂಟಿಸಿದ ಹಾಸ್ಟೆಲ್ಲಿನ, ಕೋಚಿಂಗಿನ ಕಾಗದಗಳನ್ನು ಬಿಸಿಲಲ್ಲಿ ನಿಂತು ಕೆರೆಯುವವರೂ ನಮ್ಮಂತಹ ಕೂಲಿಯವರೇ.

ಇನ್ನು ಇಲ್ಲಿಯ ರೆಸಿಡೆನ್ಸಿಯನ್ನು ನೋಡಿ. ಇನ್ನೂರು ವರ್ಷ ದಾಟಿದ ಕಟ್ಟಡ. ಬ್ರಿಟಿಷ್ ರೆಸಿಡೆಂಟನಿದ್ದ ಮನೆಗೆ 1949ರಲ್ಲಿ ಹೆಣ್ಣುಮಕ್ಕಳ ಕಾಲೇಜು ಬಂತು; ಈಗ ಅದು ಮಹಿಳಾ ವಿಶ್ವವಿದ್ಯಾಲಯ, 2024ರಲ್ಲಿ ಅದಕ್ಕೆ ಚಾಕಲಿ ಐಲಮ್ಮನ ಹೆಸರಿಟ್ಟರು. ಬಟ್ಟೆ ಒಗೆಯುವ ಮನೆತನದ ಆ ತಾಯಿ ತನ್ನ ಭೂಮಿಗಾಗಿ ದೇಶಮುಖನನ್ನು ಎದುರಿಸಿದವಳು. ಅವಳ ಹೆಸರಿನ ಗೋಡೆಯ ಮೇಲೆ ಸಂಘದ ಕುಂಚ ಆಡಬಾರದು. ಗೋಲ್ಕೊಂಡದಲ್ಲಿ ಕಲ್ಲು ಕೊರೆದು ಜೋಡಿ ಹೆಸರು ಬರೆದು ಬಾಣ ಚುಚ್ಚಿದ್ದಾರಲ್ಲ, ಅದನ್ನು ಕಲೆ ಎಂದು ಹೇಳುವವನು ಆ ಕಲ್ಲು ಕಡಿದ ಒಡ್ಡನಿಗೆ ಉತ್ತರ ಹೇಳಲಿ. ರಕ್ಷಿತ ಸ್ಮಾರಕಗಳನ್ನು ಕೆಡಿಸಿದರೆ 1958ರ ಕಾಯಿದೆಯಲ್ಲಿ ಮೂರು ತಿಂಗಳ ಸಜೆ ಇತ್ತು. 2010ರಲ್ಲಿ ಅದು ಎರಡು ವರ್ಷಕ್ಕೆ, ದಂಡ ಒಂದು ಲಕ್ಷ ರೂಪಾಯಿಗೆ ಏರಿತು. ಏರಿದ್ದು ಸರಿಯೇ.

ಇಷ್ಟು ಕೇಳಿ ಹಿರಿಯರು ತಲೆದೂಗುತ್ತಿದ್ದಾರೆ. ತುಸು ತಾಳಬೇಕು.

ಇದೇ ಕೋಠಿಯಲ್ಲಿ 1857ರ ಜುಲೈ 17ರಂದು ತುರೆಬಾಜ್ ಖಾನನೂ ಮೌಲ್ವಿ ಅಲ್ಲಾವುದ್ದೀನನೂ ಜನ ಕಟ್ಟಿಕೊಂಡು ರೆಸಿಡೆನ್ಸಿಯ ಮೇಲೆ ನುಗ್ಗಿದರು. ಬಸ್ ನಿಲ್ದಾಣದ ಬಳಿ ಅವರ ನೆನಪಿನ ಕಂಬವಿದೆ. ದಿನವೂ ಅದರ ಪಕ್ಕದಲ್ಲೇ ಬಸ್ಸಿಗೆ ಕಾಯುತ್ತೇವೆ. ಆ ದಿನಗಳಲ್ಲಿ ಬ್ರಿಟಿಷರ ವಿರುದ್ಧದ ಕರೆ ಊರಿನ ಗೋಡೆಗಳ ಮೇಲೆ ಅಂಟಿದ ಕಾಗದಗಳಲ್ಲಿ ಕಾಣಿಸಿಕೊಂಡಿತು. ಅಚ್ಚಿನ ಮನೆ ಇಲ್ಲದವನಿಗೆ, ದರ್ಬಾರಿನಲ್ಲಿ ಬಾಯಿ ಇಲ್ಲದವನಿಗೆ ಗೋಡೆಯೇ ಪತ್ರಿಕೆ. ರೆಸಿಡೆಂಟನ ಕಣ್ಣಿಗೆ ಅದು ಪುಂಡಾಟವೇ ಆಗಿದ್ದೀತು.

ನಮ್ಮ ನಾಡಿನ ಮಾತೇ ತೆಗೆದುಕೊಳ್ಳಿ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ಯಾತ್ರಿಕರು ತಮ್ಮ ಹೆಸರು ಕೊರೆದು ಹೋಗಿದ್ದಾರೆ. ರಾಜರಲ್ಲ, ಬಂದು ಹೋದವರು. ಇಂದು ಪಂಡಿತರು ಅದನ್ನು ಶಾಸನವೆಂದು ಅಚ್ಚು ಹಾಕಿ ಓದುತ್ತಾರೆ. ಬೋಳು ಬಂಡೆಯ ಮೇಲೆ ಬರೆದರು, ಇನ್ನೊಬ್ಬನ ದುಡಿಮೆಯ ಮೇಲೆ ಬರೆಯಲಿಲ್ಲ ಎಂಬುದಷ್ಟೇ ನಮ್ಮ ಟಿಪ್ಪಣಿ.

ಬೆಂಗಳೂರಿನ ಸುಲ್ತಾನ್‌ಪಾಳ್ಯದಲ್ಲಿ 2015ರಲ್ಲಿ ರಸ್ತೆಗುಂಡಿಯೊಂದು ಕೆರೆಯಂತೆ ತುಂಬಿತ್ತು. ಬಾದಲ್ ನಂಜುಂಡಸ್ವಾಮಿ ಎಂಬ ಕಲಾವಿದರು ಅದಕ್ಕೆ ಹಸಿರು ಬಣ್ಣ ಹಚ್ಚಿ ಒಂದು ಮೊಸಳೆ ಮಾಡಿ ಇಟ್ಟರು. 2019ರಲ್ಲಿ ಹೇರೋಹಳ್ಳಿಯ ಕಡೆ, ಚಂದ್ರನ ಮೇಲೆ ನಡೆಯುವವನ ವೇಷ ಹಾಕಿಸಿ ಒಬ್ಬನನ್ನು ಗುಂಡಿಗಳ ನಡುವೆ ನಡೆಸಿದರು. ಎರಡು ಸಲವೂ ಪಾಲಿಕೆಯವರು ಓಡಿ ಬಂದು ಗುಂಡಿ ಮುಚ್ಚಿದರು. ಅರ್ಜಿಗೆ ಆಗದ್ದು ಮೊಸಳೆಗೆ ಆಯಿತು! ಕೆಟ್ಟುಹೋಗಿದ್ದ ಬೀದಿಯನ್ನು ಅವರು ಕೆಡಿಸಲಿಲ್ಲ, ಕೆಟ್ಟದ್ದನ್ನು ತೋರಿಸಿದರು.

ಮೆಕ್ಸಿಕೋ ದೇಶದಲ್ಲಿ 1922ರಲ್ಲಿ ಚಿತ್ರಕಾರರು ನಮ್ಮ ಹಾಗೆಯೇ ಒಂದು ಕೆಲಸಗಾರರ ಸಂಘ ಕಟ್ಟಿದರು. ಶ್ರೀಮಂತರ ಪಡಸಾಲೆಗಿಂತ ಸಾರ್ವಜನಿಕ ಗೋಡೆಯೇ ಮೇಲೆಂದರು. ಅವರಲ್ಲಿ ದೊಡ್ಡವನಾದ ಡಿಯೆಗೋ ರಿವೇರಾ ನ್ಯೂಯಾರ್ಕಿನ ರಾಕಫೆಲರ್ ಕಟ್ಟಡದಲ್ಲಿ ಬರೆದ ಗೋಡೆಚಿತ್ರದಲ್ಲಿ ಲೆನಿನ್ನನ ಮುಖವಿತ್ತೆಂದು 1934ರಲ್ಲಿ ಗೋಡೆಯ ಒಡೆಯರೇ ಅದನ್ನು ಒಡೆಸಿ ಹಾಕಿದರು. ಅಲ್ಲಿ ಹಾಳುಗೆಡಹಿದವರು ಯಾರು?

ಕಾಯಿದೆ ಈ ಪ್ರಶ್ನೆಗಳನ್ನು ಕೇಳುವುದಿಲ್ಲ. ಕರ್ನಾಟಕದ 1981ರ ಕಾಯಿದೆಯಾಗಲಿ, ಆಂಧ್ರಪ್ರದೇಶದಲ್ಲಿ 1997ರಲ್ಲಿ ಆದದ್ದಾಗಲಿ, ನೋಡುವುದು ಚಂದವನ್ನಲ್ಲ, ಅನುಮತಿಯನ್ನು. ಶುಲ್ಕ ಕಟ್ಟಿದವನ ಸೋಪಿನ ಚಿತ್ರ ಆಕಾಶದಷ್ಟು ನಿಂತರೂ ಜಾಹಿರಾತು. ಕೂಲಿಯವನ ಒಂದು ಸಾಲು ವಿರೂಪ. ಇದು ನ್ಯಾಯವಲ್ಲವೆಂದು ನಾವು ಹೇಳುತ್ತೇವೆ. ಹಾಗೆಂದು ಠಾಣೆಯಲ್ಲಿ ಕೂತು ಹೇಳಿದರೆ ಒಂದು ಪಾಳಿಯ ಕೂಲಿ ಹೋಗುತ್ತದೆ.

ತರುಣರ ಆಸೆ ನಮಗೆ ತಿಳಿಯದ್ದಲ್ಲ. ಸುಲ್ತಾನ್ ಬಜಾರಿನಿಂದ ಬಡೀ ಚೌಡಿಯವರೆಗೆ ನಡೆದರೆ ಕಣ್ಣಿಗೆ ಬೀಳುವುದು ತೆಲುಗು, ಉರ್ದು, ಹಿಂದಿ, ಇಂಗ್ಲಿಷು. ಕನ್ನಡದ ಮುಖ ನೋಡಬೇಕೆಂದರೆ ಕಾಚಿಗುಡದ ನೃಪತುಂಗ ಶಾಲೆ, ಸಾಹಿತ್ಯ ಮಂದಿರಗಳ ಕಡೆ ಹೋಗಬೇಕು. ಪರಊರಿನ ಬೀದಿಯಲ್ಲಿ ತನ್ನ ಅಕ್ಷರ ಕಂಡರೆ, ಹದಿನಾಲ್ಕು ಗಂಟೆ ಲೋಟ ಎತ್ತಿದವನ ಎದೆಯೂ ಹಗುರಾಗುತ್ತದೆ. ತೆಲುಗು ಬಂಧುಗಳೂ ಅರ್ಧಕ್ಕರ್ಧ ಓದಿಯಾರು. ಆದಕಾರಣ ಬರೆಯಬೇಡಿ ಎಂದು ನಾವು ಹೇಳುವುದಿಲ್ಲ.

ಸಮಿತಿಯ ಸಲಹೆ ಹೀಗಿದೆ. ರೆಸಿಡೆನ್ಸಿ, ಆಸ್ಪತ್ರೆ, ಶಾಲೆ, ಗುಡಿ, ಮಸೀದಿಗಳ ಗೋಡೆ ಮುಟ್ಟಕೂಡದು. ಒಪ್ಪುವ ಅಂಗಡಿಯವರಿಂದಲೂ ಪಾಲಿಕೆಯಿಂದಲೂ ಕಾಗದದ ಮೇಲೆ ಅನುಮತಿ ಪಡೆಯಬೇಕು. ಪಾಲಿಕೆ ಒಪ್ಪದಿದ್ದರೆ ಬಟ್ಟೆಯ ಮೇಲೆ ಬರೆದು ಸಭೆಯ ಬಾಗಿಲಿಗೆ ಕಟ್ಟೋಣ. ಅಕ್ಷರ ಬರೆಯಲು, ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡ ಬೋರ್ಡು ಬರೆಯುವವರೊಬ್ಬರನ್ನು ಕರೆದು ದಿನಗೂಲಿ ಕೊಡಬೇಕು, ಬಿಟ್ಟಿ ಮಾಡಿಸಬಾರದು. ಉತ್ಸವ ಮುಗಿದ ಮರುದಿನ ಗೋಡೆಗೆ ಮತ್ತೆ ಸುಣ್ಣ ಬಳಿಯುವವರು ನಾವೇ. ಅದಕ್ಕೆ ಆರು ಜನ ಬೇಕು. ರಾತ್ರಿ ಪಾಳಿ ಇಲ್ಲದವರು ಈಗಲೇ ಕಾರ್ಯದರ್ಶಿಯವರಲ್ಲಿ ಹೆಸರು ಬರೆಸಿ.