ಸರಿರಾತ್ರಿಯ ಊಟ



ಬೆಂಗಳೂರಿನಂಥ ದೊಡ್ಡ ಪಟ್ಟಣದಲ್ಲಿ ರಾತ್ರಿ ಹನ್ನೊಂದು ಹೊಡೆದ ಮೇಲೆ ಹಸಿದವನ ಗತಿಯೇನು ಎಂಬ ಪ್ರಶ್ನೆ ನಮಗೆ ಮೊದಲು ತಲೆದೋರಿದ್ದು ಒಂದು ಆಸ್ಪತ್ರೆಯ ಹೊರಬಾಗಿಲಲ್ಲಿ. ಬಂಧುಗಳೊಬ್ಬರನ್ನು ಅಲ್ಲಿ ಸೇರಿಸಿದ್ದೆವು. ಇನ್ನು ಭಯವಿಲ್ಲವೆಂದು ವೈದ್ಯರು ಹೊರಕ್ಕೆ ಬಂದು ಹೇಳಿದಾಗ ಗಂಟೆ ಹನ್ನೆರಡೂವರೆ. ಭಯವಿರುವ ತನಕ ಸುಮ್ಮನಿದ್ದ ಹೊಟ್ಟೆ ಆ ಮಾತು ಕಿವಿಗೆ ಬಿದ್ದ ಕೂಡಲೆ ಎದ್ದು ಕುಳಿತಿತು. ಆಸ್ಪತ್ರೆಯ ಉಪಾಹಾರ ಗೃಹಕ್ಕೆ ಬೀಗ. ಎದುರು ಸಾಲಿನ ಹೋಟೆಲುಗಳಿಗೆಲ್ಲ ಬೀಗ. ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಕುಳಿತಿದ್ದ ಹಳ್ಳಿಯ ತಾಯಿಯೊಬ್ಬರು ನಮ್ಮ ಪರದಾಟವನ್ನು ಕಂಡು, “ಆಂಬುಲೆನ್ಸಿನವರು ಹೋಗೋ ದಿಕ್ಕಿಗೇ ಹೋಗಿ ಸ್ವಾಮಿ, ಮೂರು ದಿನದಿಂದ ನಾನು ಅಲ್ಲೇ ತಿಂತಾ ಇದೀನಿ” ಎಂದರು.

ಈ ವಿಷಯದಲ್ಲಿ ತಿಳಿಯಬೇಕಾದ ಮುಖ್ಯವಾದ ಸಂಗತಿ ಆ ಒಂದು ಮಾತಿನಲ್ಲಿಯೇ ಇದ್ದಿತೆಂಬುದು ನಮಗೆ ಕ್ರಮೇಣ ಗೊತ್ತಾಯಿತು. ಅಕಾಲದಲ್ಲಿ ಹೋಟೆಲನ್ನು ಹುಡುಕಬಾರದು. ಆ ಕಾಲದಲ್ಲಿ ಯಾರಿಗೆ ಕೆಲಸವಿರುವುದೋ ಅವರನ್ನು ಹುಡುಕಬೇಕು.

ನಾವು ಸಾಮಾನ್ಯವಾಗಿ ಮಾಡುವುದು ಹೀಗಲ್ಲ. ಹಸಿವಾದೊಡನೆ ಹೆಸರಾದ ಸ್ಥಳಗಳನ್ನು ನೆನೆಯುತ್ತೇವೆ. 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮೂ, 1943ರಲ್ಲಿ ಗಾಂಧಿಬಜಾರಿನಲ್ಲಿ ಆರಂಭವಾದ ವಿದ್ಯಾರ್ಥಿ ಭವನವೂ ಈ ಊರಿಗೆ ಕೀರ್ತಿ ತಂದ ಮನೆಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವು ಬೆಳಗಿನ ಮನೆಗಳು. ಬೆಂಗಳೂರಿನ ತಿಂಡಿಯ ಪ್ರತಿಷ್ಠೆಯೆಲ್ಲ ಸೂರ್ಯೋದಯದ ಸುತ್ತಮುತ್ತ ಇದೆ. ಅಕ್ಕಿಯನ್ನೂ ಉದ್ದನ್ನೂ ಹಗಲು ನೆನೆಹಾಕಿ, ಸಂಜೆ ರುಬ್ಬಿ, ಬೆಳಗಾಗುವುದರೊಳಗೆ ಹುದುಗು ಬರುವಂತೆ ಬಿಡುವ ಪಾಕಕ್ರಮವೇ ಅದನ್ನು ಹಾಗೆ ಗೊತ್ತುಮಾಡಿದೆ. ಅಂತಹ ಅಡಿಗೆಯ ಮನೆಯಲ್ಲಿ ರಾತ್ರಿ ಎಚ್ಚರವಾಗಿರುವುದು ಹಿಟ್ಟು ಮಾತ್ರ. ವಿಶ್ವೇಶ್ವರಪುರದ ತಿಂಡಿ ಬೀದಿಯಾದರೋ ಸಂಜೆಯ ವಿಹಾರದ ಸ್ಥಳ. ಕಡೆಯ ಬಸ್ಸಿಳಿದು ಬಂದವನಿಗೆ ಅಲ್ಲಿ ತೊಳೆದಿಟ್ಟ ಕಾವಲಿಯ ದರ್ಶನವಾದರೆ ಅದು ಬೀದಿಯ ತಪ್ಪಲ್ಲ.

ಕಾನೂನು ಅಡ್ಡ ಬರುವುದರಿಂದ ಹೀಗಾಗುತ್ತದೆಂದು ಹೇಳುವವರುಂಟು. ಬಹುಕಾಲ ಅದು ನಿಜವೂ ಆಗಿದ್ದಿತು. ಆದರೆ 2021ರ ಜನವರಿಯಲ್ಲಿ ಹತ್ತು ಮತ್ತು ಅದಕ್ಕೆ ಮೇಲ್ಪಟ್ಟು ಕೆಲಸಗಾರರುಳ್ಳ ಅಂಗಡಿಗಳು ಹಗಲೂ ರಾತ್ರಿಯೂ ತೆರೆದಿರಬಹುದೆಂದು ಮೂರು ವರ್ಷಗಳ ಮಟ್ಟಿಗೆ ಸರ್ಕಾರದ ಅಪ್ಪಣೆಯಾಯಿತು. 2024ರಲ್ಲಿ ಬೆಂಗಳೂರಿನ ಹೋಟೆಲುಗಳು ರಾತ್ರಿ ಒಂದು ಗಂಟೆಯವರೆಗೆ ನಡೆಯಬಹುದೆಂದು ಆಜ್ಞೆ ಹೊರಟಿತು. ಆದರೂ ಬಾಗಿಲುಗಳು ಎಣಿಸಿದಷ್ಟು ತೆರೆಯಲಿಲ್ಲ. ಏಕೆಂದರೆ ಅಪ್ಪಣೆ ಬೇರೆ, ಆಳು ಬೇರೆ. ಬೆಳಗ್ಗೆ ಆರಕ್ಕೆ ತೆರೆದು ರಾತ್ರಿ ಒಂದಕ್ಕೆ ಮುಚ್ಚುವ ಹೋಟೆಲು ದಿನಕ್ಕೆ 19 ಗಂಟೆ, ವಾರಕ್ಕೆ 133 ಗಂಟೆ ನಡೆಯುತ್ತದೆ. ಒಬ್ಬ ಕೆಲಸಗಾರನಿಂದ ವಾರಕ್ಕೆ 48 ಗಂಟೆ ಕೆಲಸ ತೆಗೆದುಕೊಳ್ಳಬಹುದೆಂದು 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ಕಟ್ಟು ಮಾಡಿತು. ಭಾಗಿಸಿ ನೋಡಿದರೆ ಹತ್ತಿರ ಹತ್ತಿರ ಮೂರು ತಂಡಗಳಿಲ್ಲದೆ ಅಂತಹ ಹೋಟೆಲು ನ್ಯಾಯವಾಗಿ ಸಾಗಲಾರದು. ಮೂರು ತಂಡಕ್ಕೆ ಸಂಬಳ ಕೊಡುವ ಯಜಮಾನರು ಎಷ್ಟು ಮಂದಿ?

ಈ ಲೆಕ್ಕದಿಂದ ನಮಗೊಂದು ಪ್ರಯೋಜನವೂ ಇದೆ. ರಾತ್ರಿ ಹನ್ನೆರಡಕ್ಕೆ ಒಂದು ಹೋಟೆಲಿನೊಳಗೆ ಕಾಲಿಟ್ಟಾಗ ಮೊದಲು ನೋಡಬೇಕಾದದ್ದು ಬೆಲೆಪಟ್ಟಿಯನ್ನಲ್ಲ, ಮಾಣಿಯ ಮುಖವನ್ನು. ಅವನು ಬೆಳಗಿನಿಂದ ನಿಂತವನೋ, ಈಗ ಎದ್ದು ಬಂದವನೋ? ಬೆಳಗಿನವನೇ ಆಗಿದ್ದರೆ ಅಡಿಗೆಯೂ ಬೆಳಗಿನದೇ ಇರಬಹುದು. ಆಯಾಸಪಟ್ಟ ಭಟ್ಟರು ಹೊಸದಾಗಿ ಒಲೆ ಹೊತ್ತಿಸುವುದಿಲ್ಲ. ಉಳಿದದ್ದನ್ನು ಕಾಯಿಸಿ ಕಳುಹಿಸುತ್ತಾರೆ. ಮಾಣಿಯ ನಿದ್ದೆಯನ್ನು ವಿಚಾರಿಸುವುದು ಕರುಣೆಯೆಂದು ನೀವು ತಿಳಿಯಬಹುದು. ನಾವು ಅದನ್ನು ನಮ್ಮ ಹೊಟ್ಟೆಯ ಕ್ಷೇಮಕ್ಕಾಗಿಯೇ ಕಲಿತೆವು.

ಇನ್ನು ಎಚ್ಚರವಾಗಿರುವ ಸ್ಥಳಗಳು. 1905ರಲ್ಲಿ ಶಿವನಸಮುದ್ರದಿಂದ ವಿದ್ಯುದ್ದೀಪ ಬಂದಂದಿನಿಂದ ಈ ಊರಿನ ರಾತ್ರಿ ಸ್ವಲ್ಪಸ್ವಲ್ಪವಾಗಿ ಹಗಲಾಗುತ್ತ ಬಂದಿದೆ. ಆದರೆ ಎಲ್ಲ ಮೊಹಲ್ಲಗಳಲ್ಲಿಯೂ ಸಮನಾಗಿ ಅಲ್ಲ. ರೈಲು ನಿಲ್ದಾಣವೂ ಬಸ್ಸು ನಿಲ್ದಾಣವೂ ಎದುರುಬದುರಾಗಿರುವ ಮೆಜೆಸ್ಟಿಕ್ಕಿನಲ್ಲಿ ಜನ ಇಳಿಯುವುದೂ ಹತ್ತುವುದೂ ನಿಲ್ಲುವುದೇ ಇಲ್ಲ. ಅಲ್ಲಿಯೇ ಗುಬ್ಬಿ ತೋಟದಪ್ಪನವರು 1903ರಲ್ಲಿ ಪ್ರಯಾಣಿಕರಿಗೆ ಛತ್ರ ಕಟ್ಟಿಸಿದರು. ಪರಸ್ಥಳದವನ ಕಷ್ಟವನ್ನು ಅವರು ಸರಿಯಾದ ಜಾಗದಲ್ಲಿಯೇ ಕಂಡಿದ್ದರು. ಆದರೆ ಮೆಜೆಸ್ಟಿಕ್ಕಿನಲ್ಲಿ ತಿನ್ನುವವನಿಗೆ ಒಂದು ಎಚ್ಚರಿಕೆ ಬೇಕು. ಮತ್ತೆ ಬಾರದ ಗಿರಾಕಿಯನ್ನೇ ನಂಬಿರುವ ಅಂಗಡಿಗೆ ರುಚಿಯ ಭಯವಿಲ್ಲ. ಅಲ್ಲಿ ಬಸ್ಸಿನ ಚಾಲಕರೂ ಹಮಾಲರೂ ನಿಂತು ತಿನ್ನುವ ಕಡೆ ತಿನ್ನಿ. ಅವರು ನಾಳೆಯೂ ಬರುವವರು.

ಕೃಷ್ಣರಾಜೇಂದ್ರ ಮಾರುಕಟ್ಟೆಯ ವಿಷಯ ಬೇರೆ. ನಡುರಾತ್ರಿ ಕಳೆದ ಮೇಲೆ ತರಕಾರಿಯ ಲಾರಿಗಳು ಬಂದು ನಿಲ್ಲುತ್ತವೆ. ನಸುಕಿಗೆ ಮುಂಚೆ ಹೂವಿನ ವ್ಯಾಪಾರ ಬಿಸಿಯೇರುತ್ತದೆ. ಮೂಟೆ ಹೊರುವವನಿಗೆ ಆಗ ನಡುಮಧ್ಯಾಹ್ನದ ಹಸಿವು. ಆ ಹಸಿವಿಗೆ ಹಬೆಯಾಡುವ ಇಡ್ಲಿಯನ್ನೂ ಕಾಫಿಯನ್ನೂ ಹೊತ್ತು ತರುವ ತಳ್ಳುಗಾಡಿಗಳು ನಮಗೆ ಎಂದೂ ಮೋಸ ಮಾಡಿಲ್ಲ. ಅಲ್ಲಿ ಕುಳಿತುಕೊಳ್ಳಲು ಸ್ಥಳವಿಲ್ಲ, ಕಾಲ ಕೆಳಗೆ ಕೋಸಿನ ಎಲೆ, ಪಕ್ಕದಲ್ಲಿ ಸೇವಂತಿಗೆಯ ರಾಶಿ. ಇದಕ್ಕಿಂತ ಸುಗಂಧವಾದ ಭೋಜನಶಾಲೆ ಊರಲ್ಲಿ ಮತ್ತೊಂದಿಲ್ಲವೆಂದೇ ನಮ್ಮ ಅಭಿಪ್ರಾಯ.

ಮಾಂಸಾಹಾರಿಗಳಿಗೆ ಶಿವಾಜಿನಗರ ಪ್ರಸಿದ್ಧ. 1966ರಲ್ಲಿ ಅಲ್ಲಿ ತೆರೆದ ಎಂಪೈರ್ ಹೋಟೆಲು ಮುಂದೆ ಹಲವು ಬಡಾವಣೆಗಳಿಗೆ ಹಬ್ಬಿ, ತಡರಾತ್ರಿಯ ತುಪ್ಪದನ್ನಕ್ಕೂ ಕಬಾಬಿಗೂ ಹೆಸರಾಯಿತು. ಹೊಸಕೋಟೆಯ ಕಡೆಗೆ ಬೆಳಗಿನ ಜಾವ ನಾಲ್ಕಕ್ಕೆ ಬಿರಿಯಾನಿಗಾಗಿ ಮೋಟಾರು ಹತ್ತಿ ಹೋಗಿ ಸಾಲಿನಲ್ಲಿ ನಿಲ್ಲುವ ಯುವಕರೂ ಇದ್ದಾರೆ. ಅದು ರಾತ್ರಿಯ ಊಟವೋ ಬೆಳಗಿನ ಉಪಾಹಾರವೋ ಅವರೇ ಹೇಳಲಾರರು. ಅಮೆರಿಕದ ಹಗಲಿಗೆ ಹೊಂದಿಸಿಕೊಂಡು ದುಡಿಯುವ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಚೇರಿಗಳ ಮುಂದೆ ಟ್ಯಾಕ್ಸಿಯವರಿಗಾಗಿ ಸೈಕಲ್ಲಿನ ಮೇಲೆ ಫ್ಲಾಸ್ಕ್ ಕಟ್ಟಿಕೊಂಡು ಬರುವ ಚಹಾದವರನ್ನು ನೀವು ಕಂಡಿರಬಹುದು.

ಈಗ ಕೈಯಲ್ಲಿರುವ ಫೋನು ಇವೆಲ್ಲವನ್ನೂ ಹೇಳುವುದಿಲ್ಲವೆ ಎಂದು ಕೇಳಬಹುದು. ಹೇಳುತ್ತದೆ. ತೆರೆದಿದೆಯೆಂದು ಅದು ಹೇಳಿದ ಮೂರು ಬಾಗಿಲುಗಳು ಒಂದೇ ರಾತ್ರಿ ನಮ್ಮ ಪಾಲಿಗೆ ಮುಚ್ಚಿದ್ದವು. ಅಂದಿನಿಂದ ಹೊರಡುವ ಮುನ್ನ ಅಂಗಡಿಗೆ ಕರೆಮಾಡಿ ಕೇಳುವ ಅಭ್ಯಾಸವಾಗಿದೆ. ಮನೆಗೇ ತರಿಸಿಕೊಳ್ಳುವವರಿಗೆ ಬಂದ ಪೊಟ್ಟಣ ಕಾಣುತ್ತದೆಯೇ ಹೊರತು ಬೇಯಿಸಿದ ಮನೆ ಕಾಣುವುದಿಲ್ಲ. ಅದಕ್ಕಿಂತ, ಆ ಪೊಟ್ಟಣಗಳನ್ನು ಹೊತ್ತು ತಿರುಗುವ ಹುಡುಗರು ತಮ್ಮ ಸ್ವಂತ ಹಸಿವಿಗೆ ಎಲ್ಲಿ ಗಾಡಿ ನಿಲ್ಲಿಸುತ್ತಾರೆಂದು ನೋಡುವುದು ಮೇಲು.

ಏನನ್ನು ತಿನ್ನಬೇಕೆಂಬುದರಲ್ಲಿ ನಾವು ತುಸು ಕಟ್ಟುನಿಟ್ಟು. ಬೇಯಿಸಿದ ಪದಾರ್ಥ ಎರಡು ಗಂಟೆಗೆ ಮೀರಿ ಹೊರಗಿನ ಹವೆಯಲ್ಲಿರಬಾರದು. ಇರಿಸುವುದಾದರೆ 60 ಡಿಗ್ರಿ ಸೆಂಟಿಗ್ರೇಡಿಗೆ ಮೇಲ್ಪಟ್ಟ ಬಿಸಿಯಲ್ಲಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅನ್ನದಲ್ಲಿ ಕುದಿಸಿದರೂ ಸಾಯದ ಒಂದು ಬಗೆಯ ಸೂಕ್ಷ್ಮಾಣುಬೀಜವಿದ್ದು, ಅನ್ನ ಆರಿ ಕುಳಿತಾಗ ಅದು ಬೆಳೆದು ವಿಷವನ್ನುಂಟುಮಾಡುತ್ತದೆ. ಮತ್ತೆ ಬಿಸಿಮಾಡಿದರೆ ಆ ವಿಷ ಹೋಗುವುದಿಲ್ಲ. ಆದುದರಿಂದ ಅಪರಿಚಿತ ಸ್ಥಳದಲ್ಲಿ, ಅಕಾಲದಲ್ಲಿ, ಕಣ್ಣೆದುರಿಗೆ ಕಾವಲಿಯಿಂದ ಎದ್ದ ದೋಸೆ, ಚಪಾತಿ, ಮೊಟ್ಟೆ ಇವೇ ಕ್ಷೇಮ. ಕಾಯಿಚಟ್ನಿಯನ್ನು ಬಿಟ್ಟುಬಿಡಿ, ಸಂಜೆ ಅರೆದದ್ದು ಹನ್ನೆರಡರ ಹೊತ್ತಿಗೆ ಹುಳಿ ತಿರುಗಿರುತ್ತದೆ. ಬೇಕೆನಿಸಿದರೆ ಚಟ್ನಿಪುಡಿ ಕೇಳಿ.

ಒಂದು ಸಂಕಟವನ್ನು ಹೇಳದಿರಲಾರೆವು. ಹಣವುಳ್ಳವನಿಗೆ ತಾರಾ ಹೋಟೆಲಿನಲ್ಲಿ ಯಾವ ಜಾವದಲ್ಲಿಯೂ ಊಟ ಸಿಗುತ್ತದೆ. ಬಡವರಿಗೆಂದು 2017ರ ಆಗಸ್ಟಿನಲ್ಲಿ ಇಂದಿರಾ ಕ್ಯಾಂಟೀನುಗಳು ತೆರೆದವು. ಐದು ರೂಪಾಯಿಗೆ ತಿಂಡಿ, ಹತ್ತಕ್ಕೆ ಊಟ. ಒಳ್ಳೆಯ ಕೆಲಸ. ಆದರೆ ರಾತ್ರಿಯ ಊಟದ ವೇಳೆ ಒಂಬತ್ತರ ಸುಮಾರಿಗೇ ಮುಗಿಯುವಂತೆ ಗೊತ್ತಾಯಿತು. ದೂರದ ಜಿಲ್ಲೆಯಿಂದ ರೋಗಿಯನ್ನು ಕರೆತಂದವರಿಗೆ ಆ ಹೊತ್ತಿಗೆ ಚೀಟಿಯ ಸಾಲೇ ಕರಗಿರುವುದಿಲ್ಲ. ದೊಡ್ಡ ಆಸ್ಪತ್ರೆಯೊಂದರ ಮುಂದೆ ಒಂದು ಒಲೆ ರಾತ್ರಿಯೆಲ್ಲ ಉರಿಯುವಂತೆ, ಅದಕ್ಕೆ ಬೇರೆಯೇ ತಂಡವಿರುವಂತೆ ಏರ್ಪಡಿಸಲು ನಗರಕ್ಕೆ ಶಕ್ತಿಯಿಲ್ಲವೆಂದು ನಾವು ನಂಬುವುದಿಲ್ಲ. ಹೆಂಗಸರ ಪಾಡಂತೂ ಇನ್ನೂ ಕಷ್ಟ; ದೀಪವಿರುವ, ನಾಲ್ಕು ಜನ ಓಡಾಡುವ ಬೀದಿಯಲ್ಲಿ ಊಟ ಸಿಕ್ಕದಿದ್ದರೆ ಅವರು ಬೆಳಗಿನ ತನಕ ಹಸಿದೇ ಕುಳಿತಿರುತ್ತಾರೆ.

ಆ ರಾತ್ರಿ ನಾವು ಆಂಬುಲೆನ್ಸಿನವರ ಹಿಂದೆ ಎರಡು ತಿರುವು ನಡೆದೆವು. ಒಂದು ಗೋಡೆಯ ಮರೆಯಲ್ಲಿ ಕಾವಲಿ, ಅದರ ಹಿಂದೆ ಮುಖ ತೊಳೆದು ವಿಭೂತಿ ಇಟ್ಟುಕೊಂಡ ಒಬ್ಬ ತರುಣ. ನಿದ್ದೆ ಯಾವಾಗ ಎಂದು ಕೇಳಿದ್ದಕ್ಕೆ, “ಹಗಲು ಅಣ್ಣ ನೋಡ್ಕೊತಾನೆ ಸ್ವಾಮಿ, ನಾನು ಬರೋದೇ ಹತ್ತು ಗಂಟೆಗೆ” ಎಂದ. ಅವನು ಹಾಕಿಕೊಟ್ಟ ಎರಡು ದೋಸೆಯನ್ನು ನಿಂತಲ್ಲಿಯೇ ಮುಗಿಸಿ, ಮತ್ತೆರಡನ್ನು ಎಲೆಯಲ್ಲಿ ಕಟ್ಟಿಸಿಕೊಂಡು ಮೆಟ್ಟಿಲ ಬಳಿಗೆ ಬಂದೆವು. ಆ ತಾಯಿ ದುಡ್ಡು ಎಷ್ಟಾಯಿತೆಂದು ವಿಚಾರಿಸಿ, ಸೆರಗಿನ ಗಂಟು ಬಿಚ್ಚಿ ಎಣಿಸಿ ಕೊಟ್ಟ ಮೇಲೆಯೇ ಪೊಟ್ಟಣವನ್ನು ಮುಟ್ಟಿದರು. ಚಟ್ನಿ ಯಾಕೆ ತರಲಿಲ್ಲವೆಂದು ಕೇಳಿದರು.