ನೀರನ್ನು ಎತ್ತಿಕೊಳ್ಳುವ ಎಣ್ಣೆ



ಚಳಿಗಾಲದ ಬೆಳಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿ ಕೂತಿರುತ್ತದೆ, ಬಿಸಿಲಿಗಿಟ್ಟರೆ ಕರಗುತ್ತದೆ. ಆ ಎಣ್ಣೆಯ ಕೊಬ್ಬಿನಲ್ಲಿ ಸೇರಿಕೊಂಡಿರುವ ಆಮ್ಲಗಳಲ್ಲಿ ಡೆಕನೋಯಿಕ್ ಆಮ್ಲವೂ ಒಂದು. ಮೇಕೆ ಹಾಲಿನಲ್ಲೂ ಅದುಂಟು. 31 ಡಿಗ್ರಿ ಸುಮಾರಿಗೆ ಕರಗುವ ಈ ಆಮ್ಲದಿಂದ ಉಪ್ಪುನೀರನ್ನು ಸಿಹಿ ಮಾಡಬಹುದೆಂದು ಅಮೆರಿಕದ ಎಂಐಟಿಯಲ್ಲಿ ಅನುರಾಗ್ ಬಾಜಪೇಯಿ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದರು.

ಎಣ್ಣೆಗೂ ನೀರಿಗೂ ಆಗದು ಅನ್ನುತ್ತೇವಲ್ಲ? ಈ ಅಣುವಿನ ಉದ್ದ ಬಾಲ ಎಣ್ಣೆಯದೇ. ತಲೆಗೆ ಮಾತ್ರ ನೀರೆಂದರೆ ಒಲವು. ಉಪ್ಪುನೀರಿಗೆ ಸೇರಿಸಿ ಬಿಸಿ ಮಾಡಿ ಕಲಕಿದರೆ ಒಂದಿಷ್ಟು ನೀರು ಎಣ್ಣೆಯೊಳಗೆ ಹೋಗುತ್ತದೆ, ಉಪ್ಪು ಕೆಳಗೇ ಉಳಿಯುತ್ತದೆ. ಮೇಲೆ ನಿಂತ ಎಣ್ಣೆಯನ್ನು ಬೇರೆ ಪಾತ್ರೆಗೆ ಬಸಿದು ಆರಲು ಬಿಡಿ. ತಿಳಿಯಾಗಿದ್ದದ್ದು ಮಬ್ಬಾಗುತ್ತದೆ; ಸಣ್ಣ ಹನಿಗಳು ಒಂದಕ್ಕೊಂದು ಕೂಡಿ ತಳಕ್ಕಿಳಿಯುತ್ತವೆ. ಅದೇ ಸಿಹಿನೀರು. ಕುದಿಸುವ ಮಾತೇ ಇಲ್ಲ, ಪೊರೆಯೂ ಬೇಡ. ಎಣ್ಣೆ ಮತ್ತೆ ಕೆಲಸಕ್ಕೆ ಬರುತ್ತದೆ.

ಅಮೀನ್ ಎಂಬ ದ್ರಾವಕಗಳದು ತದ್ವಿರುದ್ಧ ಸ್ವಭಾವ: ತಂಪಿನಲ್ಲಿ ನೀರು ಹೀರಿ, ಬಿಸಿಯಲ್ಲಿ ಬಿಡುತ್ತವೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅದು ಇಮ್ಮಡಿಯಾದರೆ, ಒತ್ತಡದಿಂದ ನೀರು ಸೋಸುವ ಆರ್‌ಒ ಪೊರೆ ಕೈಚೆಲ್ಲುತ್ತದೆ. ಕೊಲಂಬಿಯಾ ವಿಶ್ವವಿದ್ಯಾಲಯದವರು 2019ರಲ್ಲಿ ಲೀಟರಿಗೆ 230 ಗ್ರಾಂ ಉಪ್ಪಿದ್ದ ನೀರನ್ನೇ ಅಮೀನಿನಿಂದ, 70 ಡಿಗ್ರಿ ಮೀರದ ಶಾಖದಲ್ಲಿ ಶುದ್ಧಮಾಡಿದರು. ಅಷ್ಟು ಶಾಖ ಕಾರ್ಖಾನೆಗಳಲ್ಲಿ ಸುಮ್ಮನೆ ಹೊರಗೆ ಹೋಗುತ್ತಿರುತ್ತದೆ.

ತೊಡಕೂ ಇದೆ. ಡೆಕನೋಯಿಕ್ ಆಮ್ಲ ಒಂದು ಸಲಕ್ಕೆ ಹೀರುವ ನೀರು ತೀರ ಕಡಿಮೆ, ಹಾಗಾಗಿ ಎಣ್ಣೆ ಬಹಳ ಬೇಕು. ಸಿಹಿನೀರಿನಲ್ಲಿ ದ್ರಾವಕದ ಅಂಶ ಉಳಿಯುತ್ತದೆ. ಅದನ್ನು ತೆಗೆಯದೆ ಯಾರಿಗೂ ಕುಡಿಸುವಂತಿಲ್ಲ. ಈ ವಿಧಾನದ ನಿಜವಾದ ಪರೀಕ್ಷೆ ಅಲ್ಲೇ ಎಂದು ನನ್ನ ಎಣಿಕೆ.

ಆದರೂ ನಾನು ಇದರ ಮೇಲೆ ಆಸೆ ಇಟ್ಟುಕೊಂಡಿರುವುದು ತಮಿಳುನಾಡಿನ ತಿರುಪ್ಪೂರಿನಂಥ ಊರುಗಳ ಸಲುವಾಗಿ. ಬಟ್ಟೆಗೆ ಬಣ್ಣ ಹಿಡಿಯಲೆಂದು ಸುರಿದ ಉಪ್ಪು ಅಲ್ಲಿ ನೊಯ್ಯಲ್ ನದಿ ಸೇರಿತು. ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟೆಯ ನೀರು ಬೆಳೆಗೆ ಬಾರದಂತಾಯಿತು. 2011ರಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನು ಮುಚ್ಚಿಸಿತು. ಮತ್ತೆ ತೆರೆದ ಘಟಕಗಳಲ್ಲಿ ಈಗ ಆರ್‌ಒ ಆದ ಮೇಲೆ ಉಳಿಯುವ ಗಟ್ಟಿ ಉಪ್ಪುನೀರನ್ನು ಇಂಧನ ಸುಟ್ಟು ಕುದಿಸಿ ಇಂಗಿಸುತ್ತಾರೆ. ಬೆಚ್ಚಗಿನ ದ್ರಾವಕದಿಂದ ಆಗಬೇಕಾದ ಕೆಲಸ ಇದೇ.